ಹೆಸರು ಮತ್ತು ನೆಲೆ: ವಿಕೇಂದ್ರೀಕೃತ ಜಾಲಗಳಲ್ಲಿ ಬ್ಲಾಗಿನ ಖಾತೆಗೆ ಹೆಸರಿಡುವ ಮುನ್ನ



ಬಸವಾದಿ ಶರಣರ ತತ್ತ್ವವನ್ನು ಜನಮನಕ್ಕೆ ತಲುಪಿಸುವ ಕಾರ್ಯದಲ್ಲಿ ಇಂದು ಅನೇಕ ಮಠಗಳು, ಬಸವ ಕೇಂದ್ರಗಳು, ಅಕ್ಕನ ಬಳಗಗಳು ಹಾಗೂ ಶರಣ ಸಾಹಿತ್ಯಾಸಕ್ತರು ಸ್ವಂತ ಬ್ಲಾಗುಗಳನ್ನು ನಡೆಸುತ್ತಿದ್ದಾರೆ. ವಚನ ನಿರ್ವಚನ, ಶಿವಾನುಭವ ಗೋಷ್ಠಿಗಳ ವರದಿ, ಪೂಜ್ಯರ ಆಶೀರ್ವಚನದ ಸಾರ, ದಾಸೋಹ ಹಾಗೂ ಶಿಕ್ಷಣ ಕಾರ್ಯಗಳ ಸಮಾಚಾರ ಇವೆಲ್ಲವೂ ಅಲ್ಲಿ ಪ್ರಕಟವಾಗುತ್ತವೆ. ಈಚಿನ ವರ್ಷಗಳಲ್ಲಿ ಇಂತಹ ಬ್ಲಾಗೇ ನೇರವಾಗಿ ಸಾಮಾಜಿಕ ಜಾಲದ ಒಂದು ಖಾತೆಯಾಗುವ ಸೌಕರ್ಯ ಒದಗಿದೆ. ಲೇಖನವನ್ನು ಬ್ಲಾಗಿನಲ್ಲಿ ಪ್ರಕಟಿಸಿದರೆ ಸಾಕು. ಅದನ್ನು ಅನುಸರಿಸುವ ಭಕ್ತರು ಸೊಲ್ಲಾಪುರದಲ್ಲಿರಲಿ, ಶಿಕಾಗೋದಲ್ಲಿರಲಿ, ಅವರವರ ಖಾತೆಗೆ ಅದು ತಾನಾಗಿ ಹೋಗಿ ಸೇರುತ್ತದೆ.

ಈ ಸೌಕರ್ಯವನ್ನು ಅಳವಡಿಸಿಕೊಳ್ಳುವಾಗ ಮೊಟ್ಟಮೊದಲು ಎದುರಾಗುವ ಪ್ರಶ್ನೆ, ಖಾತೆಗೆ ಯಾವ ಹೆಸರಿಡಬೇಕು ಎಂಬುದು. ಜಾಲದ ಪರಿಭಾಷೆಯಲ್ಲಿ ಇದನ್ನು ಹ್ಯಾಂಡಲ್ ಎನ್ನುತ್ತಾರೆ. ತಾಂತ್ರಿಕ ಸೇವೆ ಮಾಡುವ ಯುವಕರು ಇದನ್ನು ಅರೆಗಳಿಗೆಯ ಕೆಲಸವೆಂದು ಬಗೆದು, ತೋಚಿದ ಹೆಸರನ್ನು ಬರೆದು ಮುಂದೆ ಸಾಗುವುದುಂಟು. ಆದರೆ ಬ್ಲಾಗಿನ ಬಣ್ಣವನ್ನು, ವಿನ್ಯಾಸವನ್ನು, ಚಿತ್ರಗಳನ್ನು ಎಷ್ಟು ಬಾರಿಯಾದರೂ ಬದಲಿಸಬಹುದು. ಹ್ಯಾಂಡಲನ್ನು ಹಾಗೆ ಬದಲಿಸಲು ಬರುವುದಿಲ್ಲ. ಬದಲಿಸಿದರೆ ಅದುವರೆಗೆ ಕೂಡಿಬಂದ ಅನುಯಾಯಿಗಳು ಕೈತಪ್ಪುತ್ತಾರೆ. ಆದುದರಿಂದ ಈ ವಿಷಯವನ್ನು ಆಡಳಿತ ಮಂಡಳಿಯವರೂ ತಿಳಿದಿರುವುದು ಒಳಿತೆಂದು ಇಲ್ಲಿ ತುಸು ವಿಸ್ತಾರವಾಗಿ ಬರೆಯಲಾಗಿದೆ.

ವಿಕೇಂದ್ರೀಕೃತ ಜಾಲವೆಂದರೆ

ಫೇಸ್‌ಬುಕ್, ಇನ್‌ಸ್ಟಾಗ್ರಾಮ್ ಮುಂತಾದವು ಒಂದೊಂದು ಕಂಪನಿಯ ಒಡೆತನದವು. ಅಲ್ಲಿ ಖಾತೆ ಕೊಡುವವರೂ ಕಿತ್ತುಕೊಳ್ಳುವವರೂ ಅವರೇ. ವಿಕೇಂದ್ರೀಕೃತ ಜಾಲದಲ್ಲಿ ಇಂತಹ ಒಬ್ಬ ಒಡೆಯನಿಲ್ಲ. ಸಾವಿರಾರು ಸ್ವತಂತ್ರ ಸರ್ವರುಗಳಿರುತ್ತವೆ. ಒಂದೊಂದರ ಆಡಳಿತವೂ ಬೇರೆ ಬೇರೆ. ಆದರೂ ಒಂದು ಸಮಾನ ನಿಯಮಾವಳಿಗೆ ಬದ್ಧವಾಗಿರುವುದರಿಂದ ಒಂದು ಸರ್ವರಿನವರು ಇನ್ನೊಂದರವರನ್ನು ಅನುಸರಿಸಬಹುದು, ಅವರ ಬರಹಕ್ಕೆ ಉತ್ತರಿಸಬಹುದು. ನಮ್ಮ ನಾಡಿನ ಮಠಗಳನ್ನು ನೆನೆದರೆ ಇದು ಸುಲಭವಾಗಿ ಅರ್ಥವಾಗುತ್ತದೆ. ಪ್ರತಿಯೊಂದು ಮಠಕ್ಕೂ ತನ್ನದೇ ಪೀಠ, ತನ್ನದೇ ಆಡಳಿತ, ತನ್ನದೇ ಭಕ್ತವೃಂದ; ಆದರೂ ಒಂದು ಮಠದ ಭಕ್ತರು ಇನ್ನೊಂದು ಮಠದ ಅನುಭಾವಗೋಷ್ಠಿಗೆ ಹೋಗಿ ಕುಳಿತರೆ ಅಪರಿಚಿತರಾಗುವುದಿಲ್ಲ.

ಜರ್ಮನಿಯ ಯುಜೆನ್ ರೋಚ್ಕೊ ಎಂಬ ತರುಣ 2016ರಲ್ಲಿ ಹೊರತಂದ ಮ್ಯಾಸ್ಟೊಡಾನ್ ಇಂತಹ ಜಾಲಗಳಲ್ಲಿ ಹೆಸರಾದುದು. ಇವೆಲ್ಲ ಪರಸ್ಪರ ಮಾತಾಡಲು ಬಳಸುವ ಆ್ಯಕ್ಟಿವಿಟಿಪಬ್ ಎಂಬ ನಿಯಮಾವಳಿಗೆ ಅಂತರ್ಜಾಲದ ಮಾನಕಗಳನ್ನು ರೂಪಿಸುವ ಡಬ್ಲ್ಯು3ಸಿ ಸಂಸ್ಥೆ 2018ರ ಜನವರಿಯಲ್ಲಿ ಮಾನ್ಯತೆ ನೀಡಿತು. ಈ ನಿಯಮಾವಳಿಯಿಂದ ಬೆಸೆದುಕೊಂಡ ಒಟ್ಟು ಸಮೂಹಕ್ಕೆ ಫೆಡಿವರ್ಸ್ ಎಂದು ಹೆಸರು. ಜಗತ್ತಿನ ಅನೇಕ ಬ್ಲಾಗುಗಳಿಗೆ ಆಧಾರವಾಗಿರುವ ವರ್ಡ್‌ಪ್ರೆಸ್‌ಗೂ ಆ್ಯಕ್ಟಿವಿಟಿಪಬ್ ಪ್ಲಗಿನ್ ಇದ್ದು, 2023ರಲ್ಲಿ ಆಟೋಮ್ಯಾಟಿಕ್ ಸಂಸ್ಥೆ ಅದನ್ನು ತನ್ನದಾಗಿಸಿಕೊಂಡ ಮೇಲೆ ಅದರ ಬಳಕೆ ಹೆಚ್ಚಿದೆ. ನಮ್ಮ ಸಮಾಜದ ಅನೇಕ ಬ್ಲಾಗುಗಳು ವರ್ಡ್‌ಪ್ರೆಸ್ಸಿನಲ್ಲಿಯೇ ಇರುವುದರಿಂದ ಮುಂದಿನ ವಿವರಗಳು ಮುಖ್ಯವಾಗಿ ಅದನ್ನು ಕುರಿತವು.

ಫೆಡಿವರ್ಸಿನಲ್ಲಿ ಹ್ಯಾಂಡಲಿಗೆ ಎರಡು ಭಾಗ: ಹೆಸರು ಮತ್ತು ನೆಲೆ. ನಡುವೆ ಇಮೇಲ್ ವಿಳಾಸದಲ್ಲಿರುವಂತೆ @ ಚಿಹ್ನೆ. ಹೆಸರಿನ ಹಿಂದೆಯೂ ಅದೇ ಚಿಹ್ನೆ. @ವಚನ@ಮಠದತಾಣ ಎಂಬಂತೆ. ಇದರಲ್ಲಿ ನಮಗೆ ಹೊಸದೇನೂ ಇಲ್ಲ. ಬಾಗೇವಾಡಿಯ ಬಸವಣ್ಣ, ಬಳ್ಳಿಗಾವಿಯ ಅಲ್ಲಮ, ಉಡುತಡಿಯ ಮಹಾದೇವಿ, ಸೊನ್ನಲಿಗೆಯ ಸಿದ್ಧರಾಮ ಎಂದು ಊರನ್ನು ಕೂಡಿಸಿಯೇ ಹೆಸರು ಹೇಳುವ ರೂಢಿ ನಮ್ಮದು. ಸಿದ್ಧರಾಮ ಎಂಬ ಹೆಸರಿನವರು ನೂರಾರು ಮಂದಿ ಇದ್ದರೂ ಸೊನ್ನಲಿಗೆಯ ಸಿದ್ಧರಾಮರು ಒಬ್ಬರೇ. ಅದರಂತೆ ‘ವಚನ’ ಎಂಬ ಹೆಸರನ್ನು ಬೇರೆ ಸರ್ವರಿನಲ್ಲಿ ಇನ್ನಾರಾದರೂ ಇಟ್ಟುಕೊಂಡಿದ್ದರೂ ನಮ್ಮ ನೆಲೆಯಲ್ಲಿ ಅದು ನಮ್ಮದೇ. ಕಂಪನಿಯ ಜಾಲಗಳಲ್ಲಿ ಒಳ್ಳೆಯ ಹೆಸರುಗಳೆಲ್ಲ ಎಂದೋ ಮುಗಿದುಹೋಗಿ, ಹೆಸರಿನ ಮುಂದೆ ಒಂದು, ಎರಡು, ಮೂರು ಎಂದು ಅಂಕಿ ಹಚ್ಚಿಕೊಳ್ಳುವ ಪಾಡು ಇಲ್ಲಿ ಇಲ್ಲ.

ಹಾಗಾಗಿ ಹ್ಯಾಂಡಲ್ ಆಯ್ಕೆಯೆಂದರೆ ಎರಡು ಆಯ್ಕೆಗಳು. ನನ್ನ ಅಭಿಪ್ರಾಯದಲ್ಲಿ ಎರಡನೆಯದು, ಅಂದರೆ ನೆಲೆಯ ಆಯ್ಕೆ, ಮೊದಲನೆಯದಕ್ಕಿಂತ ಗುರುತರವಾದುದು.

ನೆಲೆ ಯಾರದು?

ವಚನ ಪಿತಾಮಹ ಡಾ. ಫ. ಗು. ಹಳಕಟ್ಟಿಯವರು ಓಲೆಗರಿಗಳಲ್ಲಿ ಚದುರಿಹೋಗಿದ್ದ ವಚನಗಳನ್ನು ಕೂಡಿಸಿದರು. ಅಚ್ಚು ಮಾಡಿಸುವ ಹೊತ್ತಿಗೆ ಪರರ ಮುದ್ರಣಾಲಯಗಳನ್ನು ನಂಬಿ ಕೂರುವುದು ಈ ಕಾರ್ಯಕ್ಕೆ ಸಾಲದೆಂಬುದು ಅವರಿಗೆ ಮನವರಿಕೆಯಾಯಿತು. 1925ರಲ್ಲಿ ವಿಜಯಪುರದಲ್ಲಿ ಹಿತಚಿಂತಕ ಮುದ್ರಣಾಲಯವನ್ನು ತಾವೇ ತೆರೆದರು. ಮರುವರ್ಷ ‘ಶಿವಾನುಭವ’ ಪತ್ರಿಕೆ ಹೊರಟಿತು. ಅಚ್ಚುಕೂಟ ತಮ್ಮದಾದ್ದರಿಂದಲೇ ಏನನ್ನು ಯಾವಾಗ ಅಚ್ಚು ಹಾಕಬೇಕೆಂಬುದನ್ನು ಅವರು ತಾವೇ ನಿರ್ಧರಿಸಬಲ್ಲವರಾದರು.

ಜಾಲದಲ್ಲಿ ಆ ಅಚ್ಚುಕೂಟದ ಸ್ಥಾನದಲ್ಲಿರುವುದು ಡೊಮೇನ್. ಖಾತೆಯನ್ನು ಯಾರೋ ನಡೆಸುವ ಸಾರ್ವಜನಿಕ ಮ್ಯಾಸ್ಟೊಡಾನ್ ಸರ್ವರಿನಲ್ಲಿ ತೆರೆದರೆ ಹ್ಯಾಂಡಲಿನ ಎರಡನೆಯ ಭಾಗ ಅವರದಾಗಿರುತ್ತದೆ. ಅಂತಹ ಸರ್ವರುಗಳನ್ನು ಅನೇಕರು ತಮ್ಮ ಬಿಡುವಿನ ವೇಳೆಯಲ್ಲಿ, ಸ್ವಂತ ಖರ್ಚಿನಲ್ಲಿ ನಿಷ್ಠೆಯಿಂದ ನಡೆಸುತ್ತಾರೆ. ಅವರ ಸೇವೆ ದೊಡ್ಡದು. ಆದರೆ ನಡೆಸುವವರು ದಣಿದು ನಿಲ್ಲಿಸಿದ ದಿನ ಆ ನೆಲೆಯ ಹ್ಯಾಂಡಲುಗಳೆಲ್ಲ ಅಳಿಯುತ್ತವೆ. ಒಂದು ಸರ್ವರಿನಿಂದ ಇನ್ನೊಂದಕ್ಕೆ ವಲಸೆ ಹೋಗುವ ವ್ಯವಸ್ಥೆ ಮ್ಯಾಸ್ಟೊಡಾನ್‌ನಲ್ಲಿ ಇದೆ ಎಂಬುದು ನಿಜ. ಹಾಗೆ ಹೋದಾಗ ಅನುಯಾಯಿಗಳು ಜೊತೆಗೆ ಬರುತ್ತಾರೆ. ಬರೆದ ಬರಹಗಳು ಬರುವುದಿಲ್ಲ, ಅವು ಹಳೆಯ ಮನೆಯಲ್ಲಿಯೇ ಉಳಿಯುತ್ತವೆ. ಒಮ್ಮೆ ವಲಸೆ ಹೋದ ಮೇಲೆ ಮತ್ತೆ ಹೋಗಲು 30 ದಿನ ಕಾಯಬೇಕು. ಹಳೆಯ ಸರ್ವರ್ ಜೀವಂತವಾಗಿದ್ದಾಗ ಮಾತ್ರ ಈ ವಲಸೆ ಸಾಧ್ಯ ಎಂಬುದನ್ನೂ ನೆನಪಿಡಬೇಕು. ಮುಚ್ಚಿದ ಮೇಲೆ ಎಚ್ಚೆತ್ತರೆ ಫಲವಿಲ್ಲ.

ಮಠಕ್ಕೆ, ಸಂಸ್ಥೆಗೆ ಈಗಾಗಲೇ ಸ್ವಂತ ಡೊಮೇನ್ ಇರುವಲ್ಲಿ ಬ್ಲಾಗನ್ನು ಅದರ ಅಡಿಯಲ್ಲಿಯೇ ನಡೆಸಿ, ಅದನ್ನೇ ನೆಲೆಯಾಗಿಸಿಕೊಳ್ಳುವುದು ಸರ್ವವಿಧದಲ್ಲಿಯೂ ಯೋಗ್ಯ. ಆಗ ಹ್ಯಾಂಡಲಿನ ಎರಡನೆಯ ಭಾಗವೇ ಸಾಕ್ಷಿಯಾಗುತ್ತದೆ. ಪೂಜ್ಯರ ಭಾವಚಿತ್ರ ಹಾಕಿ, ಮಠದ ಹೆಸರಿನಲ್ಲಿ ನಕಲಿ ಖಾತೆ ತೆರೆದು, ದಾಸೋಹಕ್ಕೆಂದು ಹಣ ಬೇಡುವ ವಂಚಕರಿಗೆ ಇಂದು ಕೊರತೆಯಿಲ್ಲ. ಭಾವಚಿತ್ರವನ್ನು ಯಾರಾದರೂ ಕದಿಯಬಹುದು, ಹೆಸರನ್ನು ಯಾರಾದರೂ ಬರೆದುಕೊಳ್ಳಬಹುದು. ಮಠದ ಡೊಮೇನಿನಲ್ಲಿ ಕೊನೆಗೊಳ್ಳುವ ಹ್ಯಾಂಡಲನ್ನು ಮಾತ್ರ ಆ ಡೊಮೇನ್ ಕೈಯಲ್ಲಿರುವವರ ಹೊರತು ಬೇರಾರೂ ಸೃಷ್ಟಿಸಲಾರರು. ‘ನಮ್ಮ ತಾಣದ ವಿಳಾಸದಿಂದ ಮುಗಿಯದ ಯಾವ ಖಾತೆಯೂ ನಮ್ಮದಲ್ಲ’ ಎಂದು ಭಕ್ತರಿಗೆ ಒಂದೇ ವಾಕ್ಯದಲ್ಲಿ ಹೇಳಿಬಿಡಬಹುದು. ದೇಣಿಗೆಯ ವಿಷಯದಲ್ಲಿ ಇಷ್ಟು ಸರಳವಾದ ರಕ್ಷಣೆ ಇನ್ನೊಂದಿಲ್ಲ.

ಅನ್ಯ ಸರ್ವರಿನಲ್ಲಿ ಈಗಾಗಲೇ ಖಾತೆ ಇರುವವರಿಗೂ ಒಂದು ದಾರಿಯಿದೆ. ಮ್ಯಾಸ್ಟೊಡಾನ್ ಖಾತೆಯ ಪರಿಚಯದಲ್ಲಿ ಮಠದ ತಾಣದ ಕೊಂಡಿ ಕೊಟ್ಟು, ತಾಣದಲ್ಲಿಯೂ ಆ ಖಾತೆಗೆ ಮರುಕೊಂಡಿಯನ್ನು ನಿಗದಿತ ಗುರುತಿನೊಡನೆ ಹಾಕಿದರೆ, ಎರಡೂ ತಾಳೆಯಾದುದನ್ನು ಮ್ಯಾಸ್ಟೊಡಾನ್ ತಾನೇ ಪರಿಶೀಲಿಸಿ ಆ ಕೊಂಡಿಯ ಪಕ್ಕದಲ್ಲಿ ಹಸಿರು ಗುರುತು ತೋರಿಸುತ್ತದೆ. ಇದಕ್ಕೆ ಹಣ ಕೊಡಬೇಕಾಗಿಲ್ಲ, ಯಾರ ಅಪ್ಪಣೆಯೂ ಬೇಕಿಲ್ಲ.

ಬ್ಲೂಸ್ಕೈ ಎಂಬ ಮತ್ತೊಂದು ಜಾಲದ ರೀತಿ ಸ್ವಲ್ಪ ಭಿನ್ನ. ಅಲ್ಲಿ ಡೊಮೇನೇ ಹ್ಯಾಂಡಲ್; ಬೇರೆ ಹೆಸರಿನ ಗೊಡವೆಯೇ ಇಲ್ಲ. ಡೊಮೇನಿನ ದಾಖಲೆಯಲ್ಲಿ ಒಂದು ಸಾಲು ಸೇರಿಸಿ ಅದು ತಮ್ಮದೆಂದು ಸಾಬೀತುಪಡಿಸಬೇಕು. ಹ್ಯಾಂಡಲಿನ ಹಿಂದೆ ಪ್ರತಿ ಖಾತೆಗೂ ಬದಲಾಗದ ಗುರುತುಸಂಖ್ಯೆಯೊಂದು ಇರುವುದರಿಂದ, ಅಲ್ಲಿ ಹ್ಯಾಂಡಲ್ ಬದಲಾದರೂ ಅನುಯಾಯಿಗಳು ಉಳಿಯುತ್ತಾರೆ. ಈ ಒಂದು ಅನುಕೂಲ ಫೆಡಿವರ್ಸಿನಲ್ಲಿ ಇಲ್ಲ. ಅಲ್ಲಿ ಹೆಸರೇ ಗುರುತು.

ಹೆಸರು ಯಾರದು?

ಈಗ ಮೊದಲ ಭಾಗ. ವಚನಗಳ ಅಂಕಿತಗಳನ್ನು ನೋಡಿದರೆ ಶರಣರು ತಮ್ಮ ನುಡಿಗೆ ಗುರುತು ಹಚ್ಚುವಾಗ ಒಂದೇ ಕ್ರಮವನ್ನು ಹಿಡಿಯಲಿಲ್ಲವೆಂಬುದು ತಿಳಿಯುತ್ತದೆ. ಬಸವಣ್ಣನವರು ಕೂಡಲಸಂಗಮದೇವ ಎಂದೂ, ಅಲ್ಲಮಪ್ರಭುಗಳು ಗುಹೇಶ್ವರ ಎಂದೂ, ಅಕ್ಕಮಹಾದೇವಿಯವರು ಚೆನ್ನಮಲ್ಲಿಕಾರ್ಜುನ ಎಂದೂ ಆರಾಧ್ಯದ ಹೆಸರನ್ನೇ ಅಂಕಿತವಾಗಿಸಿಕೊಂಡರು. ಆಯ್ದಕ್ಕಿ ಲಕ್ಕಮ್ಮನವರ ಅಂಕಿತ ‘ಮಾರಯ್ಯಪ್ರಿಯ ಅಮರೇಶ್ವರಲಿಂಗ’. ಪತಿಯ ಹೆಸರೂ ಅವರ ಅಂಕಿತವಾದ ಅಮರೇಶ್ವರಲಿಂಗವೂ ಅದರಲ್ಲಿ ಕೂಡಿವೆ. ಅಂಬಿಗರ ಚೌಡಯ್ಯನವರಾದರೋ ಯಾವ ದೈವದ ಹೆಸರನ್ನೂ ತೆಗೆದುಕೊಳ್ಳದೆ, ಕಾಯಕದೊಡನೆ ತಮ್ಮ ಹೆಸರನ್ನೇ ಅಂಕಿತ ಮಾಡಿದರು. ಹೇಳಿದ ಮಾತಿಗೆ ತಾನೇ ಹೊಣೆ ಎಂಬ ನಿಲುವು ಅದರಲ್ಲಿ ಕಾಣುತ್ತದೆ.

ಅಂಕಿತದ ಉಪಯೋಗ ಎಂಥದೆಂಬುದನ್ನು ವಚನ ಸಂಪಾದಕರು ಬಲ್ಲರು. ಡಾ. ಎಂ. ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಕರ್ನಾಟಕ ಸರ್ಕಾರ ಹೊರತಂದ 15 ಸಂಪುಟಗಳ ಸಮಗ್ರ ವಚನ ಸಾಹಿತ್ಯದಲ್ಲಿ, ಬರೆದವರ ಹೆಸರು ತಿಳಿಯದೆ ಅಂಕಿತವೊಂದೇ ಉಳಿದಿರುವ ವಚನಗಳೂ ಇವೆ. ವ್ಯಕ್ತಿ ಮರೆಯಾದರು, ಊರು ಕೇರಿ ಮರೆಯಾಯಿತು, ಗುರುತು ಮಾತ್ರ ನುಡಿಯೊಡನೆ ಎಂಟು ಶತಮಾನ ನಡೆದುಬಂದಿತು. ಅಂಕಿತವನ್ನು ಬದಲಿಸುವ ವಿಷಯ ಭಕ್ತರಿಗೆ ಎಷ್ಟು ಸೂಕ್ಷ್ಮವೆಂದರೆ, ಅಂತಹ ಒಂದು ಪ್ರಕಟಣೆಯ ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೂ ಹೋಗಿ 2017ರಲ್ಲಿ ಇತ್ಯರ್ಥವಾಯಿತು.

ಹ್ಯಾಂಡಲ್ ಎಂಬುದು ಅಂಕಿತವೇ ಎಂದು ಹೇಳುವುದು ನಮ್ಮ ಉದ್ದೇಶವಲ್ಲ. ಅಂಕಿತದಲ್ಲಿ ಸಮರ್ಪಣೆಯಿದೆ, ಹ್ಯಾಂಡಲ್ ಬರಿಯ ವಿಳಾಸ. ಈ ಅಂತರವನ್ನು ಗೌರವಿಸಿಯೇ ಒಂದು ವಿನಂತಿ: ಶರಣರ ಅಂಕಿತಗಳನ್ನು ಖಾತೆಯ ಹೆಸರಾಗಿ ಇಟ್ಟುಕೊಳ್ಳದಿರುವುದು ಲೇಸು. ಭಕ್ತಿಯಿಂದಲೇ ಹಾಗೆ ಮಾಡುವವರಿದ್ದಾರೆ. ಆದರೆ ಆ ಖಾತೆಯಿಂದ ಹೊರಡುವ ಪ್ರತಿಯೊಂದು ಮಾತಿನ ನೆತ್ತಿಯ ಮೇಲೆ ಬಸವಣ್ಣನವರ ಅಥವಾ ಅಲ್ಲಮಪ್ರಭುಗಳ ಅಂಕಿತ ಕುಳಿತಿರುತ್ತದೆ. ಕಾರ್ಯಕ್ರಮದ ಪ್ರಕಟಣೆಯೂ, ರಾಜಕೀಯದ ಅಭಿಪ್ರಾಯವೂ, ಯಾರೊಡನೆಯೋ ನಡೆದ ವಾಗ್ವಾದವೂ ಅದೇ ಗುರುತಿನಲ್ಲಿ ಹೋಗುತ್ತವೆ. ಯಾರೋ ಕಟ್ಟಿದ ಸಾಲುಗಳಿಗೆ ಶರಣರ ಅಂಕಿತವನ್ನು ಅಂಟಿಸಿ ಮೊಬೈಲಿನಲ್ಲಿ ಹಂಚುವ ಹಾವಳಿ ಮೊದಲೇ ಸಾಕಷ್ಟಿದೆ; ಅದಕ್ಕೆ ನಮ್ಮ ಕಡೆಯಿಂದ ಇನ್ನೊಂದು ಗೊಂದಲ ಸೇರುವುದು ಬೇಡ.

ಹಾಗಾದರೆ ಪೂಜ್ಯ ಸ್ವಾಮೀಜಿಯವರ ಹೆಸರನ್ನು ಇಡಬಹುದೇ? ಪೂಜ್ಯರೇ ಸ್ವತಃ ಬರೆಯುವ ಖಾತೆಯಾದರೆ ಅಡ್ಡಿಯಿಲ್ಲ. ಸಂಸ್ಥೆಯ ಸಮಾಚಾರ, ಶಾಲಾ ಕಾಲೇಜುಗಳ ಪ್ರಕಟಣೆ, ಹಲವು ಲೇಖಕರ ಬರಹಗಳು ಬರುವ ಬ್ಲಾಗಿಗೆ ಅದು ತಕ್ಕುದಲ್ಲ. ಪೀಠ ನಿರಂತರವಾದುದು, ಕಾಲಾನುಕ್ರಮದಲ್ಲಿ ಪೀಠಾಧ್ಯಕ್ಷರು ಬದಲಾಗುತ್ತಾರೆ. ಹ್ಯಾಂಡಲ್ ಬದಲಾಗಬಾರದಾದ್ದರಿಂದ ಅದು ನಿರಂತರವಾದುದರ ಹೆಸರನ್ನೇ ಹೊತ್ತಿರಬೇಕು. ಮಠದ ಹೆಸರು, ಪತ್ರಿಕೆಯ ಹೆಸರು, ಇಲ್ಲವೆ ಮಾಡುವ ಕಾರ್ಯದ ಹೆಸರು, ಇವು ಮೂರೂ ಸಲ್ಲುತ್ತವೆ. ಇದೇ ಕಾರಣಕ್ಕೆ ‘ಶತಮಾನೋತ್ಸವ’, ‘ಸುವರ್ಣ ಮಹೋತ್ಸವ’ ಎಂಬಂತಹ ಹೆಸರುಗಳೂ ಬೇಡ. ಉತ್ಸವ ಮುಗಿದ ಮರುವರ್ಷ ಅದು ಹಳೆಯ ಆಮಂತ್ರಣ ಪತ್ರಿಕೆಯಂತೆ ಕಾಣುತ್ತದೆ.

ವರ್ಡ್‌ಪ್ರೆಸ್ ಪ್ಲಗಿನ್ನಿನಲ್ಲಿ ಈ ಭೇದ ಬಹಳ ಸ್ಪಷ್ಟವಾಗಿದೆ. ಲೇಖಕರಿಗೆ ಒಬ್ಬೊಬ್ಬರಿಗೂ ಒಂದೊಂದು ಹ್ಯಾಂಡಲ್ ಕೊಡಬಹುದು. ಇಡೀ ಬ್ಲಾಗಿಗೆ ಒಂದೇ ಹ್ಯಾಂಡಲ್ ಕೊಡಬಹುದು. ಎರಡನ್ನೂ ಒಟ್ಟಿಗೆ ನಡೆಸಲೂಬಹುದು. ಬ್ಲಾಗಿನ ಹ್ಯಾಂಡಲನ್ನು ಅನುಸರಿಸಿದವರಿಗೆ ಯಾರು ಬರೆದರೂ ಎಲ್ಲ ಲೇಖನಗಳು ಬರುತ್ತವೆ. ಲೇಖಕರ ಹ್ಯಾಂಡಲನ್ನು ಅನುಸರಿಸಿದವರಿಗೆ ಆ ಒಬ್ಬರ ಬರಹ ಮಾತ್ರ. ಇಲ್ಲಿ ಸಾಮಾನ್ಯವಾಗಿ ನಡೆಯುವ ಪ್ರಮಾದವೊಂದಿದೆ. ಲೇಖಕರ ಹ್ಯಾಂಡಲಿಗೆ ಪ್ಲಗಿನ್ ಅವರ ಲಾಗಿನ್ ಹೆಸರನ್ನೇ ತೆಗೆದುಕೊಳ್ಳುತ್ತದೆ. ಬಹುತೇಕ ಬ್ಲಾಗುಗಳನ್ನು ಸ್ಥಾಪಿಸಿದ ದಿನ ಇಟ್ಟ ಲಾಗಿನ್ ಹೆಸರು ‘ಅಡ್ಮಿನ್’. ಆಗ ಮಠದ ಚಿಂತನೆಗಳೆಲ್ಲ ಅಡ್ಮಿನ್ ಎಂಬ ಹೆಸರಿನಲ್ಲಿ ಲೋಕಸಂಚಾರ ಹೊರಡುತ್ತವೆ! ನೋಡಲು ಚೆನ್ನಾಗಿಲ್ಲವೆಂಬುದು ಒಂದು. ತಾಣದೊಳಗೆ ನುಗ್ಗಲು ಹವಣಿಸುವವರಿಗೆ ಲಾಗಿನ್ ಹೆಸರನ್ನು ನಾವೇ ಹೇಳಿಕೊಟ್ಟಂತಾಯಿತು ಎಂಬುದು ಇನ್ನೊಂದು. ವರ್ಡ್‌ಪ್ರೆಸ್ಸಿನಲ್ಲಿ ಲಾಗಿನ್ ಹೆಸರನ್ನು ಆಮೇಲೆ ಬದಲಿಸಲು ನೇರ ಉಪಾಯವಿಲ್ಲ. ಪ್ಲಗಿನ್ ಹಾಕುವ ಮೊದಲೇ ಯೋಗ್ಯ ಹೆಸರಿನ ಹೊಸ ಬಳಕೆದಾರರನ್ನು ಸೃಷ್ಟಿಸಿ, ಹಳೆಯ ಲೇಖನಗಳನ್ನು ಅವರ ಹೆಸರಿಗೆ ವರ್ಗಾಯಿಸುವುದು ಕ್ಷೇಮ.

ನಮ್ಮ ಸಂಸ್ಥೆಗಳಿಗೆ ಬ್ಲಾಗಿನ ಒಂದೇ ಹ್ಯಾಂಡಲ್ ಸಾಕು. ಅದಕ್ಕೆ ಪ್ಲಗಿನ್ ತಾನಾಗಿ ಸೂಚಿಸುವುದು ಡೊಮೇನಿನ ಹೆಸರನ್ನೇ. ನೆಲೆಯೂ ಅದೇ ಆದ್ದರಿಂದ ಹೆಸರು ಎರಡು ಬಾರಿ ಬಂದಂತಾಗುತ್ತದೆ. ಚೆಲುವಿಲ್ಲ, ಆದರೆ ಹಿರಿಯರಿಗೆ ನೆನಪಿಡಲು ಇದಕ್ಕಿಂತ ಸುಲಭವಾದುದು ಮತ್ತೊಂದಿಲ್ಲ. ಬೇಡವೆನಿಸಿದರೆ ‘ವಚನ’, ‘ಸಮಾಚಾರ’ ಎಂಬಂತಹ ಒಂದೇ ಪದ ಇಡಬಹುದು. ಬ್ಲಾಗಿನ ಹ್ಯಾಂಡಲಿಗೂ ಲೇಖಕರೊಬ್ಬರ ಲಾಗಿನ್ನಿಗೂ ಒಂದೇ ಹೆಸರು ಇರಲೇಬಾರದು. ಇತರ ಸರ್ವರುಗಳು ಒಮ್ಮೆ ಕಂಡ ಹೆಸರಿನ ವಿವರವನ್ನು ತಮ್ಮಲ್ಲಿ ಉಳಿಸಿಕೊಂಡಿರುತ್ತವೆ. ಒಂದೇ ಹೆಸರು ಇಬ್ಬರಿಗಾದರೆ ಯಾರನ್ನು ಅನುಸರಿಸುತ್ತಿದ್ದೇವೆಂಬುದೇ ಅವುಗಳಿಗೆ ತಿಳಿಯದಂತಾಗಿ ಖಾತೆ ಕೆಲಸ ಮಾಡುವುದನ್ನೇ ನಿಲ್ಲಿಸಬಹುದು.

ಕನ್ನಡದ ಹೆಸರು, ಇಂಗ್ಲಿಷ್ ಅಕ್ಷರ

ಮ್ಯಾಸ್ಟೊಡಾನ್‌ನಲ್ಲಿ ಹ್ಯಾಂಡಲಿನ ಹೆಸರಿಗೆ ಇಂಗ್ಲಿಷ್ ಅಕ್ಷರ, ಅಂಕಿ ಮತ್ತು ಅಡಿಗೆರೆ ಮಾತ್ರ ಒಪ್ಪಿತ; ಉದ್ದ 30 ಅಕ್ಷರಗಳನ್ನು ಮೀರುವಂತಿಲ್ಲ. ಕನ್ನಡ ಲಿಪಿಗೆ ಅಲ್ಲಿ ಪ್ರವೇಶವಿಲ್ಲ. ಕನ್ನಡ ಲಿಪಿಯಲ್ಲಿ ‘.ಭಾರತ’ ಎಂಬ ಡೊಮೇನ್ ದೊರೆಯುತ್ತದೆಂಬುದು ಹೆಮ್ಮೆಯ ವಿಷಯವೇ ಸರಿ. ಆದರೆ ಅಂತಹ ಡೊಮೇನ್ ಜಾಲದ ಒಳಗಡೆ ಇಂಗ್ಲಿಷ್ ಅಕ್ಷರಗಳ ಒಗಟಿನಂತಹ ಸಾಲಾಗಿ ಮಾರ್ಪಡುವುದರಿಂದ, ಹಲವೆಡೆ ಹ್ಯಾಂಡಲಿನಲ್ಲಿ ಆ ಒಗಟೇ ಕಾಣಿಸಿಕೊಳ್ಳುತ್ತದೆ. ಸದ್ಯಕ್ಕೆ ಹ್ಯಾಂಡಲಿಗೆ ಇಂಗ್ಲಿಷ್ ಅಕ್ಷರಗಳ ಡೊಮೇನೇ ಅನುಕೂಲ.

ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡದ ಹೆಸರು ಬರೆಯುವುದೆಂದರೆ ತಕ್ಷಣ ತೊಡಕು ಆರಂಭ. ‘ಮಠ’ ಎಂಬ ಎರಡಕ್ಷರದ ಪದವನ್ನೇ ನೋಡಿರಿ. ಎಂ-ಎ-ಟಿ-ಎಚ್ ಎಂದು ಬರೆದರೆ ಲೋಕವೆಲ್ಲ ಗಣಿತವೆಂದು ಓದುತ್ತದೆ. ಪತ್ರಿಕೆಗಳಲ್ಲಿ ರೂಢಿಯಾಗಿರುವ ಎಂ-ಯು-ಟಿ-ಟಿ ಎಂಬ ರೂಪಕ್ಕೆ ಇಂಗ್ಲಿಷಿನಲ್ಲಿ ಬೆರಕೆ ತಳಿಯ ನಾಯಿ ಎಂಬ ಅರ್ಥವಿದೆ. ಬ್ರಿಟಿಷರ ಕಾಲದಿಂದ ಉಳಿದುಬಂದ ಈ ಕಾಗುಣಿತವನ್ನು ಜಾಗತಿಕ ಜಾಲದಲ್ಲಿ ನಾವೇ ಮುಂದುವರಿಸುವುದು ಶೋಭೆಯಲ್ಲ. ಕೊನೆಯ ಎಚ್ ಬಿಟ್ಟು ಎಂ-ಎ-ಟಿ-ಎ ಎಂದರೆ ಮಾತೆಯೋ ಮತವೋ ತಿಳಿಯದು. ಎಂ-ಎ-ಟಿ-ಎಚ್-ಎ ಎಂಬ ಐದಕ್ಷರದ ರೂಪವೇ ನಮ್ಮ ಉಚ್ಚಾರಕ್ಕೆ ಹತ್ತಿರವಾದುದು, ಅಪಾರ್ಥಕ್ಕೆ ಎಡೆಗೊಡದುದು.

ದೀರ್ಘಸ್ವರದ ಕಥೆ ಇನ್ನೊಂದು. ‘ಕೂಡಲ’ ಎಂಬಲ್ಲಿ ಕೆಲವರು ಯು ಬರೆಯುತ್ತಾರೆ, ಕೆಲವರು ಎರಡು ಓ. ‘ಶ್ರೀ’ ಎಂಬುದನ್ನು ಮೂರು ಬಗೆಯಲ್ಲಿ ಬರೆಯುವವರಿದ್ದಾರೆ. ‘ಜ್ಞಾನ’ಕ್ಕೆ ಜೆ-ಎನ್ ಎಂಬುದೂ, ಜಿ-ಎನ್ ಎಂಬುದೂ, ಉತ್ತರದವರ ಜಿ-ವೈ ಎಂಬುದೂ ಬಳಕೆಯಲ್ಲಿವೆ. ‘ವೀರಶೈವ’, ‘ಶರಣ’, ‘ಅನುಭವ ಮಂಟಪ’ ಯಾವುದೂ ಇದಕ್ಕೆ ಹೊರತಲ್ಲ. ಭಕ್ತರು ಒಂದು ಅಕ್ಷರ ತಪ್ಪಿ ಹುಡುಕಿದರೂ ಖಾತೆ ಸಿಗುವುದಿಲ್ಲ. ಅಷ್ಟೇ ಅಲ್ಲ, ಅದೇ ಒಂದು ಅಕ್ಷರದ ವ್ಯತ್ಯಾಸವೇ ನಕಲಿ ಖಾತೆಯವನಿಗೆ ಆಯುಧ. ಇದಕ್ಕೆ ವ್ಯಾಕರಣದ ಪರಿಹಾರವಿಲ್ಲ, ರೂಢಿಯ ಪರಿಹಾರವಿದೆ. ಟ್ರಸ್ಟಿನ ನೋಂದಣಿ ಪತ್ರದಲ್ಲಿ, ಬ್ಯಾಂಕಿನ ಖಾತೆಯಲ್ಲಿ, ರಶೀದಿ ಪುಸ್ತಕದಲ್ಲಿ ಯಾವ ಕಾಗುಣಿತವಿದೆಯೋ ಅದನ್ನೇ ಹಿಡಿಯಬೇಕು. ಜನ ಈಗಾಗಲೇ ಕಂಡಿರುವ ರೂಪ ಅದು.

ಆಯ್ದ ಹೆಸರನ್ನು ಒಪ್ಪುವ ಮೊದಲು ದೂರವಾಣಿಯಲ್ಲಿ ಯಾರಿಗಾದರೂ ಒಮ್ಮೆ ಹೇಳಿ, ಅವರಿಂದ ಬರೆಸಿ ನೋಡುವುದು ಒಳ್ಳೆಯ ಪರೀಕ್ಷೆ. ಸಭೆಯಲ್ಲಿ ಧ್ವನಿವರ್ಧಕದ ಮುಂದೆ ಹೇಳಿದಾಗ ಹಿಂದಿನ ಸಾಲಿನ ಅಕ್ಕನವರಿಗೂ ಬರೆದುಕೊಳ್ಳಲು ಬರಬೇಕು. ಅಡಿಗೆರೆ ಇದ್ದರೆ ಈ ಪರೀಕ್ಷೆಯಲ್ಲಿ ಹೆಸರು ಸೋಲುತ್ತದೆ. ಕೊಂಡಿಯಾಗಿ ಅಚ್ಚಾದಾಗ ಕೆಳಗೆಳೆದ ಗೆರೆಯಲ್ಲಿ ಅದು ಮುಚ್ಚಿಹೋಗುವುದೂ ಉಂಟು.

ಕನ್ನಡಕ್ಕೆ ಜಾಗವಿರುವುದು ಪ್ರದರ್ಶನದ ಹೆಸರಿನಲ್ಲಿ. ಹ್ಯಾಂಡಲಿನ ಮೇಲೆ ದಪ್ಪ ಅಕ್ಷರದಲ್ಲಿ ಕಾಣುವ ಆ ಹೆಸರು ಯಾವ ಲಿಪಿಯಲ್ಲಿಯೂ ಇರಬಹುದು, ಎಷ್ಟು ಬಾರಿಯೂ ಬದಲಾಗಬಹುದು. ಅಲ್ಲಿ ಮಠದ ಹೆಸರನ್ನು ಕನ್ನಡದಲ್ಲಿಯೇ ಬರೆಯುವುದು ನಮ್ಮ ಕರ್ತವ್ಯ. ಅಲ್ಲಿಯೂ ಮ್ಯಾಸ್ಟೊಡಾನ್ ಸಾಮಾನ್ಯವಾಗಿ 30 ಅಕ್ಷರಗಳ ಮಿತಿ ಹಾಕುತ್ತದೆ, ‘ಶ್ರೀ ಮ.ನಿ.ಪ್ರ.’ ಎಂದು ಆರಂಭಿಸಿದರೆ ಪೂಜ್ಯರ ಹೆಸರು ಬರುವ ಮೊದಲೇ ಜಾಗ ಮುಗಿಯುವ ಸಂಭವವಿದೆ. ಬಿರುದಾವಳಿಗೆ ಪರಿಚಯದ ಭಾಗದಲ್ಲಿ 500 ಅಕ್ಷರಗಳ ಅವಕಾಶವಿದೆ, ಅಲ್ಲಿಗೆ ಅದು ಭೂಷಣ.

ಆರಂಭಿಸುವ ಮುನ್ನ ಕೆಲವು ವ್ಯವಹಾರದ ಮಾತು

ಸ್ವಂತ ಡೊಮೇನ್ ಎಂದಾಗ ಅದು ನಿಜವಾಗಿಯೂ ಸಂಸ್ಥೆಯದೇ ಎಂಬುದನ್ನು ಮೊದಲು ನೋಡಬೇಕು. ಎಷ್ಟೋ ಕಡೆ ಡೊಮೇನನ್ನು ಕೊಂಡವರು ಒಬ್ಬ ಉತ್ಸಾಹಿ ಯುವಕರು; ಅವರ ಸ್ವಂತ ಇಮೇಲ್, ಅವರ ಸ್ವಂತ ಕಾರ್ಡ್. ಸೇವಾಭಾವದಿಂದ ಮಾಡಿದ ಕೆಲಸವದು. ಅವರು ಉದ್ಯೋಗಕ್ಕಾಗಿ ಪುಣೆಗೋ ದುಬೈಗೋ ಹೋದ ಮೇಲೆ ನವೀಕರಣದ ಸೂಚನೆ ಯಾರೂ ತೆರೆಯದ ಇಮೇಲಿಗೆ ಬಂದು ಬೀಳುತ್ತದೆ. ನವೀಕರಿಸದ ಡೊಮೇನ್ ಕೆಲವು ವಾರಗಳ ಕಾಲಾವಕಾಶದ ನಂತರ ಮತ್ತೆ ಮಾರಾಟಕ್ಕೆ ಬರುತ್ತದೆ. ಕೊಂಡವನು ಅದೇ ನೆಲೆಯಲ್ಲಿ ಅದೇ ಹೆಸರಿನ ಖಾತೆಯನ್ನು ತೆರೆದರೆ, ಹೊರಗಿನಿಂದ ನೋಡುವ ಭಕ್ತರಿಗೆ ಅದು ಮಠದ ಖಾತೆಯಾಗಿಯೇ ಕಾಣುತ್ತದೆ. ಮೇಲೆ ಹೇಳಿದ ರಕ್ಷಣೆಯೇ ಆಗ ವಂಚಕನ ಕೈಗೆ ಸಿಕ್ಕಂತೆ. ಡೊಮೇನನ್ನು ಟ್ರಸ್ಟಿನ ಹೆಸರಿಗೆ, ಟ್ರಸ್ಟಿನ ಇಮೇಲಿಗೆ ವರ್ಗಾಯಿಸಿಕೊಂಡು, ಸಾಧ್ಯವಿದ್ದಷ್ಟು ಹೆಚ್ಚು ವರ್ಷಗಳಿಗೆ ಒಮ್ಮೆಲೇ ಹಣ ಕಟ್ಟಿಬಿಡುವುದು ಉಚಿತ. ಸಾಮಾನ್ಯವಾಗಿ ಗರಿಷ್ಠ 10 ವರ್ಷಗಳವರೆಗೆ ಕಟ್ಟಲು ಅವಕಾಶವಿರುತ್ತದೆ.

ಬ್ಲಾಗನ್ನು ಡೊಮೇನಿನ ಬೇರಿನಲ್ಲಿ ಇಡದೆ ಒಳಗಿನ ಕಡತವೊಂದರಲ್ಲಿ ಸ್ಥಾಪಿಸಿದ್ದರೆ ತೊಂದರೆ ಬರುವುದುಂಟು. ಬೇರೆ ಸರ್ವರುಗಳು ಹ್ಯಾಂಡಲನ್ನು ಹುಡುಕಿಕೊಂಡು ಬರುವುದು ಡೊಮೇನಿನ ಬೇರಿಗೆ. ವೆಬ್‌ಫಿಂಗರ್ ಎಂಬ ಪದ್ಧತಿಯಂತೆ ಅಲ್ಲಿ ‘ಈ ಹೆಸರಿನವರು ಇಲ್ಲಿದ್ದಾರೆಯೇ’ ಎಂದು ವಿಚಾರಿಸುತ್ತವೆ. ಅಲ್ಲಿಂದ ಉತ್ತರ ಬಾರದಿದ್ದರೆ ಖಾತೆ ಇಲ್ಲವೆಂದೇ ತಿಳಿಯುತ್ತವೆ. ಪ್ಲಗಿನ್ ಅಳವಡಿಸಿದ ಮೇಲೆ ಬೇರೊಂದು ಸರ್ವರಿನಲ್ಲಿರುವ ಪರಿಚಿತರಿಗೆ ಪೂರ್ಣ ಹ್ಯಾಂಡಲನ್ನು ಕೊಟ್ಟು ಹುಡುಕಿಸಿ, ಖಾತೆ ಕಂಡುಬಂದ ಮೇಲೆಯೇ ಅದನ್ನು ಭಕ್ತರಿಗೆ ಪ್ರಕಟಿಸಬೇಕು.

ಹ್ಯಾಂಡಲ್ ಯಾವುದು, ಡೊಮೇನ್ ಎಲ್ಲಿ ಕೊಂಡದ್ದು, ನವೀಕರಣದ ದಿನಾಂಕ ಯಾವಾಗ, ಪ್ರವೇಶದ ಹೊಣೆ ಯಾವ ಇಬ್ಬರದು ಎಂಬುದನ್ನು ಆಡಳಿತ ಮಂಡಳಿಯ ನಡಾವಳಿ ಪುಸ್ತಕದಲ್ಲಿ ಬರೆದು ಸಹಿ ಹಾಕಿಸಿ ಇಡಬೇಕು. ಪದಾಧಿಕಾರಿಗಳು ಬದಲಾದಾಗ ಠೇವಣಿ ಪತ್ರಗಳನ್ನೂ ಬೀಗದ ಕೈಗಳನ್ನೂ ಒಪ್ಪಿಸುವಾಗಲೇ ಈ ಪುಟವನ್ನೂ ಓದಿ ಒಪ್ಪಿಸತಕ್ಕದ್ದು.